ಝೂಗೆ ಹೋಗುವುದು ಐದನೇ ದಿನ: ಮಕ್ಕಳ ಬೇಸಿಗೆ ಪ್ರಾಣಿ ಕ್ಯಾಂಪ್ ನಡೆಸುವ ಸಮಗ್ರ ಮಾರ್ಗದರ್ಶಿ

ಪ್ರತಿ ಏಪ್ರಿಲ್‌ನಲ್ಲೂ ಇದೇ ಕಥೆ. ತುಮಕೂರಿನ ಯಾವುದೋ ಬಡಾವಣೆಯಲ್ಲಿ ನಾಲ್ಕು ಜನ ಅಪ್ಪ ಅಮ್ಮಂದಿರು ಸೇರುತ್ತಾರೆ, ಒಂದು ಟಿಟಿ ಬುಕ್ ಮಾಡುತ್ತಾರೆ, ಹದಿನೈದು ಮಕ್ಕಳನ್ನು ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಮಾರನೇ ದಿನ ಏನು ನೋಡಿದೆ ಅಂತ ಕೇಳಿದರೆ ಮಗು ಹೇಳುವುದು ಎರಡೇ ಮಾತು. "ಹುಲಿ ಮಲಗಿತ್ತು. ಐಸ್‌ಕ್ರೀಮ್ ತಿಂದ್ವಿ." ಆಮೇಲೆ ನನಗೆ ಫೋನು: "ಅಷ್ಟೊಂದು ಖರ್ಚು ಮಾಡಿದ್ವಿ, ಮಕ್ಕಳು ಏನೂ ಕಲೀಲಿಲ್ಲವಲ್ಲ, ಎಲ್ಲಿ ತಪ್ಪಾಯ್ತು?"

ತಪ್ಪಾಗಿದ್ದು ಕ್ರಮದಲ್ಲಿ. ಮೊದಲ ದಿನವೇ ಝೂಗೆ ಹೋದರೆ ಅದು ಜಾತ್ರೆ ಆಗುತ್ತದೆ. ನೋಡಿ ಅಭ್ಯಾಸವಿಲ್ಲದ ಕಣ್ಣಿಗೆ ಆನೆ ಅಂದರೆ ದೊಡ್ಡದು, ಜಿರಾಫೆ ಅಂದರೆ ಉದ್ದ, ಮುಂದಿನದು ತೋರಿಸಿ. ಅದೇ ಮಗು ನಾಲ್ಕು ದಿನ ಕಾಗೆ, ಹಸು, ಕೊಕ್ಕರೆ, ಜಿಂಕೆ ನೋಡಿ ಬಂದಿದ್ದರೆ ಆನೆ ಮುಂದೆ ಇಪ್ಪತ್ತು ನಿಮಿಷ ನಿಲ್ಲುತ್ತದೆ, ನೀವೇ ಎಳೆದುಕೊಂಡು ಹೋಗಬೇಕಾಗುತ್ತದೆ. ನಾನೂ ಮೊದಲ ಎರಡು ವರ್ಷ ಉಲ್ಟಾ ಮಾಡಿ ಕೆಟ್ಟಿದ್ದೇನೆ. ಕೆಳಗಿರುವುದು ಆರು ದಿನದ ಕ್ಯಾಂಪಿನ ಕ್ರಮ. ಬೇಕಾದರೆ ದಿನ ಕಮ್ಮಿ ಮಾಡಿಕೊಳ್ಳಿ, ಹಿಂದುಮುಂದು ಮಾತ್ರ ಮಾಡಬೇಡಿ.

ಹಂತ 1: ಎರಡು ವಾರ ಮುಂಚೆ ಮಾಡಬೇಕಾದ ಕೆಲಸ

ಮೊದಲು ಕ್ಯಾಲೆಂಡರ್ ಹಿಡಿಯಿರಿ. ಬನ್ನೇರುಘಟ್ಟ, ಮೈಸೂರು ಎರಡೂ ಕಡೆ ಮಂಗಳವಾರ ರಜೆ. ಶುಕ್ರವಾರ ಒಳ್ಳೇ ದಿನ ಅಂತ ಪೂಜೆ ಮಾಡಿ ಕ್ಯಾಂಪ್ ಶುರು ಮಾಡುವವರು ಬಹಳ ಜನ, ಎಣಿಸಿ ನೋಡಿ, ಐದನೇ ದಿನ ಸರಿಯಾಗಿ ಮಂಗಳವಾರ ಬೀಳುತ್ತದೆ! ಸೋಮವಾರ ಶುರು ಮಾಡಿದರೆ ಝೂ ದಿನ ಶುಕ್ರವಾರ, ಶನಿವಾರ ಭಾನುವಾರದ ನೂಕುನುಗ್ಗಲೂ ಇರುವುದಿಲ್ಲ.

ಮಕ್ಕಳು 16 ಸಾಕು, ದೊಡ್ಡವರು 4. ನಾಲ್ಕು ಮಕ್ಕಳಿಗೆ ಒಬ್ಬರು ದೊಡ್ಡವರು ಅನ್ನುವ ಲೆಕ್ಕ ಬಿಡಬೇಡಿ. ವಯಸ್ಸು 8ರಿಂದ 13. ಅದಕ್ಕಿಂತ ಚಿಕ್ಕವರನ್ನು ಸೇರಿಸಿಕೊಂಡರೆ ಕ್ಯಾಂಪ್ ಪೂರ್ತಿ ಅವರನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವುದರಲ್ಲೇ ಕಳೆಯುತ್ತದೆ. "ನಮ್ಮ ಪುಟ್ಟೂನೂ ಬರ್ತಾನೆ, ಸುಮ್ನೆ ಕೂತಿರ್ತಾನೆ" ಅಂತ ಹೇಳುವ ಅಮ್ಮಂದಿರಿಗೆ ನಗುನಗುತ್ತಾ ಇಲ್ಲ ಅನ್ನಿ.

ಪ್ರತಿ ಮನೆಯಿಂದ ಸಹಿ ಮಾಡಿದ ಒಂದು ಚೀಟಿ ಬೇಕು. ಅದರಲ್ಲಿ ಎರಡು ಫೋನ್ ನಂಬರ್, ಅಲರ್ಜಿ, ಆಸ್ತಮಾ, ಗಾಡಿಯಲ್ಲಿ ವಾಂತಿ ಆಗುತ್ತಾ ಅನ್ನುವ ವಿವರ ಇರಲಿ. ಕೊನೆಯದು ಸಣ್ಣ ವಿಷಯ ಅನ್ನಿಸುತ್ತದೆ. ಐದನೇ ದಿನ ನೆಲಮಂಗಲ ದಾಟುವಷ್ಟರಲ್ಲಿ ಗೊತ್ತಾಗುತ್ತದೆ.

ಸಮಯ ಬೆಳಿಗ್ಗೆ 7ರಿಂದ 10:30. ಏಪ್ರಿಲ್ ಬಿಸಿಲಿನಲ್ಲಿ 11 ಗಂಟೆ ಮೇಲೆ ಮಕ್ಕಳೂ ಸುಸ್ತು, ಪ್ರಾಣಿಗಳೂ ನೆರಳು ಸೇರಿರುತ್ತವೆ.

ಹಂತ 2: ಸಾಮಾನು

ತಲೆಗೊಂದು ಗೆರೆಯಿಲ್ಲದ ನೋಟ್‌ಬುಕ್, ಪೆನ್ಸಿಲ್. ಪೆನ್ ಬೇಡ, ನಿಂತುಕೊಂಡು ಚಿತ್ರ ಬಿಡಿಸುವಾಗ ಅಳಿಸಬೇಕಾಗುತ್ತದೆ. ಸ್ಟೀಲ್ ನೀರಿನ ಬಾಟಲಿ, ಟೋಪಿ. ಗುಂಪಿಗೊಂದು ಭೂತಕನ್ನಡಿ. ಬೈನಾಕ್ಯುಲರ್ ಗುಂಪಿಗೊಂದು ಸಿಕ್ಕರೆ ಅದೃಷ್ಟ, ಇಲ್ಲದಿದ್ದರೆ ಒಟ್ಟು ಒಂದಾದರೂ ಇರಲಿ. 8 ಪಟ್ಟು ದೊಡ್ಡದಾಗಿ ತೋರಿಸುವುದು ಸರಿ. ಜಾಸ್ತಿ ಪಟ್ಟು ಇದ್ದರೆ ಒಳ್ಳೆಯದು ಅಂತ 20 ಪಟ್ಟಿನದು ತಂದರೆ ಕೈ ಸ್ವಲ್ಪ ನಡುಗಿದರೂ ಹಕ್ಕಿ ಕುಣಿಯುತ್ತದೆ.

ದೊಡ್ಡವರ ಚೀಲದಲ್ಲಿ ಓಆರ್‌ಎಸ್ ಪುಡಿ, ಸೋಪು, ಬ್ಯಾಂಡೇಜ್, ಒಂದು ವಿಷಲ್. ಮನೆಯಿಂದ ರಾಗಿ ಹಿಟ್ಟು ಜಲಿಸುವ ಹಳೇ ಒಂದರಿ ಒಂದು ತನ್ನಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮಕ್ಕಳ ಕೈಗೆ ಮೊಬೈಲ್ ಬೇಡ. ಕ್ಯಾಮೆರಾ ಸಿಕ್ಕ ತಕ್ಷಣ ನೋಡುವುದು ನಿಂತು ಕ್ಲಿಕ್ ಮಾಡುವುದು ಶುರುವಾಗುತ್ತದೆ. ಇದರಲ್ಲಿ ರಾಜಿ ಆಗಬೇಡಿ.

ಹಂತ 3: ಮೊದಲ ದಿನ, ಅಂಗಳ

ಹಿಂದಿನ ಸಂಜೆಯೇ ಕೆಲಸ ಇದೆ. ಗೋಡೆ ಪಕ್ಕದಲ್ಲಿ ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದ ಜಾಗ ಗುಡಿಸಿ, ಒಂದರಿಯಲ್ಲಿ ನಯವಾದ ಮಣ್ಣು ಜಲಿಸಿ ತೆಳ್ಳಗೆ ಹರಡಿ. ಬೆಳಿಗ್ಗೆ ಮಕ್ಕಳು ಬರುವಷ್ಟರಲ್ಲಿ ರಾತ್ರಿ ಓಡಾಡಿದವರ ಹೆಜ್ಜೆ ಬಿದ್ದಿರುತ್ತದೆ. ಬೆಕ್ಕು, ನಾಯಿ, ಇಲಿ, ಕಪ್ಪೆ, ಕೆಲವೊಮ್ಮೆ ಮುಂಗುಸಿ. ಉಗುರಿನ ಗುರುತು ಇದ್ದರೆ ಸಾಮಾನ್ಯವಾಗಿ ನಾಯಿ, ಇಲ್ಲದಿದ್ದರೆ ಬೆಕ್ಕು. ಬೆಕ್ಕು ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ. ಹುಲಿ, ಚಿರತೆಗಳದ್ದೂ ಹಾಗೇ. ಇದನ್ನು ಇವತ್ತೇ ಹೇಳಬೇಡಿ, ನಾಲ್ಕನೇ ದಿನಕ್ಕೆ ಇಟ್ಟುಕೊಳ್ಳಿ.

ಆಮೇಲೆ ಕ್ಯಾಂಪಿನ ಮುಖ್ಯ ಪಾಠ: ಒಂದು ಪ್ರಾಣಿ, ಹತ್ತು ನಿಮಿಷ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸಿ. ಕಂಡಿದ್ದು, ಕೇಳಿಸಿದ್ದು, ಗೊತ್ತಾಗದೇ ಇದ್ದದ್ದು. ಅಳಿಲಿನ ಬೆನ್ನ ಮೇಲೆ ಎಷ್ಟು ಗೆರೆ? ಎಲ್ಲರೂ ನೋಡಿದ್ದೇವೆ, ಕೇಳಿದರೆ ಯಾರೂ ಹೇಳುವುದಿಲ್ಲ. ನಮ್ಮ ಕಡೆಯದಕ್ಕೆ ಮೂರು. ಕಾಗೆಯ ಕುತ್ತಿಗೆ ಬೂದು ಬಣ್ಣವಾ, ಪೂರ್ತಿ ಕಪ್ಪಾ? ಬೂದು ಇದ್ದರೆ ಊರ ಕಾಗೆ, ಪೂರ್ತಿ ಕಪ್ಪಿದ್ದರೆ ಕಾಡು ಕಾಗೆ. ಈ ಕಾಲದಲ್ಲಿ ಕೋಗಿಲೆ ಕೂಗುತ್ತಿರುತ್ತದೆ, ಕಾಗೆಗಳು ಅದನ್ನು ಅಟ್ಟಿಸಿಕೊಂಡು ಹೋಗುವುದು ಕಂಡರೆ ಬಿಡಬೇಡಿ, ಕೋಗಿಲೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಡುವ ಕಥೆ ಅಲ್ಲೇ ಹೇಳಿ. ಹೆಣ್ಣು ಕೋಗಿಲೆ ಕಪ್ಪಗಿರುವುದಿಲ್ಲ, ಕಂದು ಬಣ್ಣಕ್ಕೆ ಬಿಳಿ ಚುಕ್ಕೆ ಅಂದಾಗ ದೊಡ್ಡವರೂ ಬಾಯಿ ಬಿಡುತ್ತಾರೆ.

ಎಲ್ಲರೂ ಮಾಡುವ ತಪ್ಪು: ಮಗು ನೋಡುವ ಮುಂಚೆಯೇ ನಾವು ಹೆಸರು ಹೇಳಿಬಿಡುವುದು. ಹೆಸರು ಸಿಕ್ಕಿದ ಕೂಡಲೇ ಮಗುವಿಗೆ ಕೆಲಸ ಮುಗಿದಂತೆ. ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿರುವುದು ಮಕ್ಕಳಿಗಿಂತ ನಮಗೆ ಕಷ್ಟ.

ಕಾಂಪೌಂಡ್ ಮೇಲೆ ಓತಿಕ್ಯಾತ ಕಂಡರೆ ಹುಡುಗರ ಕೈ ತಾನಾಗಿಯೇ ಕಲ್ಲಿಗೆ ಹೋಗುತ್ತದೆ. ಬೈಯಬೇಡಿ. ಭೂತಕನ್ನಡಿ ಬಿಟ್ಟು ಬೈನಾಕ್ಯುಲರ್ ಕೊಟ್ಟು, ಅದರ ಕತ್ತು ಕೆಂಪಾಗುವುದನ್ನು, ತಲೆ ಮೇಲೆ ಕೆಳಗೆ ಆಡಿಸುವುದನ್ನು ಎಣಿಸಲು ಹೇಳಿ. ಎಣಿಸುವ ಕೈಗೆ ಕಲ್ಲು ಎತ್ತಲು ಪುರುಸೊತ್ತಿರುವುದಿಲ್ಲ.

ಹಂತ 4: ಎರಡನೇ ದಿನ, ಹಸುವಿನ ಕೊಟ್ಟಿಗೆ

ಇದನ್ನು ಬಿಟ್ಟುಬಿಡುವವರು ಜಾಸ್ತಿ. "ಹಸು ಗೊತ್ತಿಲ್ವಾ" ಅನ್ನುತ್ತಾರೆ. ನನ್ನ ಪ್ರಕಾರ ಆರು ದಿನದಲ್ಲಿ ಇದೇ ಬಹಳ ಬೆಲೆಯುಳ್ಳ ದಿನ. ಝೂನಲ್ಲಿ ಕೇಳಬೇಕಾದ ಅರ್ಧ ಪ್ರಶ್ನೆಗಳು ಇಲ್ಲೇ ಹುಟ್ಟುತ್ತವೆ.

ಹಾಲು ಹಾಕುವವರ ಕೊಟ್ಟಿಗೆಗೆ ಮೊದಲೇ ಹೇಳಿ, ಹಾಲು ಕರೆದಾದ ಮೇಲೆ ಹೋಗಿ. ಹಸುವಿನ ಹಿಂದೆ ಯಾರೂ ನಿಲ್ಲಬಾರದು, ಕರು ಪಕ್ಕದಲ್ಲಿರುವ ಹಸುವನ್ನು ಮುಟ್ಟಬಾರದು. ಯಜಮಾನರನ್ನು ಕೇಳಿ ಹಸುವಿನ ಬಾಯಿ ತೋರಿಸಿ. ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೇ ಇಲ್ಲ! ಗಟ್ಟಿ ವಸಡು ಅಷ್ಟೇ. ಮಕ್ಕಳು ನಂಬುವುದಿಲ್ಲ, ಮತ್ತೆ ಮತ್ತೆ ತೋರಿಸಿ ಅನ್ನುತ್ತಾರೆ.

ಆಮೇಲೆ ಮಲಗಿರುವ ಹಸು ಮೆಲುಕು ಹಾಕುವುದನ್ನು ನೋಡಿಸಿ. ಗಂಟಲಿನಲ್ಲಿ ಒಂದು ಉಂಡೆ ಮೇಲೆ ಬರುವುದು ಕಾಣುತ್ತದೆ, ಅಗಿಯುತ್ತದೆ, ನುಂಗುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಒಂದು ಉಂಡೆಗೆ ಎಷ್ಟು ಸಲ ಅಗಿಯಿತು ಅಂತ ಎಣಿಸಲಿ. ನಮ್ಮ ಮಕ್ಕಳ ಲೆಕ್ಕ ಹೆಚ್ಚಾಗಿ 40ರಿಂದ 60ರ ಒಳಗೆ ಬಂದಿದೆ. ಹೊಟ್ಟೆಯಲ್ಲಿ ನಾಲ್ಕು ಭಾಗ ಇದೆ ಅನ್ನುವುದನ್ನು ಈಗ ಹೇಳಿ, ಎಣಿಸಿದ ಮೇಲೆ ಅದು ತಲೆಗೆ ಹೋಗುತ್ತದೆ. ಪಕ್ಕದಲ್ಲಿ ಮೇಕೆ ಇದ್ದರೆ ಅದರ ಕಣ್ಣಿನ ಪಾಪೆ ನೋಡಲಿ, ಅಡ್ಡಕ್ಕೆ ಪಟ್ಟಿಯ ಹಾಗಿರುತ್ತದೆ. ಅಡ್ಡ ಪಾಪೆಯಿಂದ ನೆಲದ ಉದ್ದಕ್ಕೂ ಅಗಲವಾಗಿ ಕಾಣುತ್ತದೆ, ಯಾರು ಬಂದರು ಅಂತ ಬೇಗ ಗೊತ್ತಾಗುತ್ತದೆ.

ಹೊರಡುವ ಮುಂಚೆ ಒಂದು ಪಟ್ಟಿ ಬರೆಸಿ: ಆನೆ, ಜಿರಾಫೆ, ಜೀಬ್ರಾ, ಜಿಂಕೆ, ಕಾಟಿ. ಇವುಗಳಲ್ಲಿ ಯಾವುದು ಮೆಲುಕು ಹಾಕುತ್ತದೆ? ಉತ್ತರ ಹೇಳಬೇಡಿ, ಝೂನಲ್ಲಿ ನೋಡಿ ಬರಲಿ. ನಿಮಗೆ ಮಾತ್ರ: ಜಿರಾಫೆ, ಜಿಂಕೆ, ಕಾಟಿ ಹಾಕುತ್ತವೆ. ಆನೆ, ಜೀಬ್ರಾ ಹಾಕುವುದಿಲ್ಲ.

ಸೋಪು ಹಾಕಿ ಕೈ ತೊಳೆಸದೆ ತಿಂಡಿ ಕೊಡಬೇಡಿ.

ಹಂತ 5: ಮೂರನೇ ದಿನ, ಕೆರೆ

ತುಮಕೂರಿನವರಿಗೆ ಅಮಾನಿಕೆರೆ ಇದೆ. ಬೆಳಿಗ್ಗೆ ಏಳಕ್ಕೆ ಅಲ್ಲಿರಿ. ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ನಿಂತಿರುವುದನ್ನು ಹುಡುಕಿ, ಅದರ ಪುಕ್ಕ ಬಾತುಕೋಳಿಯದರ ಹಾಗೆ ನೀರು ತಡೆಯುವುದಿಲ್ಲ, ಮುಳುಗಿ ಎದ್ದ ಮೇಲೆ ಒಣಗಿಸಿಕೊಳ್ಳಬೇಕು. ಗುಳುಮುಳುಕ ಮುಳುಗಿದಾಗ ಎಷ್ಟು ಸೆಕೆಂಡಿಗೆ ಏಳುತ್ತದೆ ಅಂತ ಎಣಿಸುವ ಆಟ ಆಡಿಸಿದರೆ ಒಂದು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ನೀರಿನ ಅಂಚಿಗೆ ದೊಡ್ಡವರು ನಿಲ್ಲಬೇಕು, ಮಕ್ಕಳು ಅವರ ಹಿಂದೆ.

ಶಿರಾ ಕಡೆಯವರು ಕೆರೆ ಬಿಟ್ಟು ಕಗ್ಗಲಡುಗೆ ಹೋಗಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ, ಬೇಸಿಗೆ ರಜೆಯ ಹೊತ್ತಿಗೆ ಮರಿಗಳೂ ಇರುತ್ತವೆ. ಊರಿನವರು ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ, ಅವರ ಮಾತು ಕೇಳಿ ನಿಲ್ಲಿ. ಮರದ ಬುಡಕ್ಕೆ ಹೋಗಬೇಡಿ. ಹಕ್ಕಿ ಹಾರಿಸಿ ಫೋಟೋ ತೆಗೆಯುವ ದೊಡ್ಡವರನ್ನು ಕ್ಯಾಂಪಿಗೇ ಸೇರಿಸಿಕೊಳ್ಳಬೇಡಿ.

ಹಂತ 6: ನಾಲ್ಕನೇ ದಿನ, ನಾಮದ ಚಿಲುಮೆ

ದೇವರಾಯನದುರ್ಗದ ಬುಡದಲ್ಲಿರುವ ನಾಮದ ಚಿಲುಮೆಯ ಜಿಂಕೆ ವನ ಝೂಗೆ ರಿಹರ್ಸಲ್ ಇದ್ದ ಹಾಗೆ. ಬೇಲಿಯ ಆಚೆ ಇರುವ ಪ್ರಾಣಿಯನ್ನು ಕೂಗದೆ, ತಿನ್ನಿಸದೆ ನೋಡುವುದು ಹೇಗೆ ಅಂತ ಇಲ್ಲಿ ಕಲಿಯಲಿ.

ನೋಡಬೇಕಾದ್ದು ಕೊಂಬು. ಚುಕ್ಕೆ ಜಿಂಕೆಯ ಗಂಡಿಗೆ ಕವಲೊಡೆದ ಕೊಂಬು, ಅದು ಪ್ರತಿ ವರ್ಷ ಉದುರಿ ಹೊಸದು ಬರುತ್ತದೆ. ಹೊಸ ಕೊಂಬಿನ ಮೇಲೆ ಮಖಮಲ್ಲಿನಂಥ ಚರ್ಮ ಇರುತ್ತದೆ, ಒಂದೇ ಹಿಂಡಿನಲ್ಲಿ ಬೇರೆ ಬೇರೆ ಹಂತದ ಗಂಡುಗಳು ಸಿಕ್ಕರೆ ಪಾಠ ತಾನಾಗಿಯೇ ಆಗುತ್ತದೆ. ಹಸುವಿನ ಕೊಂಬು ಉದುರುತ್ತಾ ಅಂತ ಕೇಳಿ. ಎರಡನೇ ದಿನ ಕೊಟ್ಟಿಗೆ ನೋಡಿದ ಮಕ್ಕಳು ಇಲ್ಲಿ ಜಗಳಕ್ಕೇ ನಿಲ್ಲುತ್ತಾರೆ. ಮಧುಗಿರಿ ಕಡೆಯವರಿಗೆ ಇನ್ನೂ ಒಳ್ಳೇ ಜಾಗ ಮೈದನಹಳ್ಳಿ. ಅಲ್ಲಿನ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶವನ್ನು 2007ರಲ್ಲಿ ಘೋಷಿಸಿದ್ದು. ಕೃಷ್ಣಮೃಗದ ಗಂಡಿನ ತಿರುಚಿದ ಕೊಂಬು ಉದುರುವುದಿಲ್ಲ, ಆ ಲೆಕ್ಕದಲ್ಲಿ ಅದು ಚುಕ್ಕೆ ಜಿಂಕೆಗಿಂತ ನಮ್ಮ ಮೇಕೆಗೆ ಹತ್ತಿರ.

ದುರ್ಗದ ಕೋತಿಗಳ ಬಗ್ಗೆ ಗಾಡಿ ಇಳಿಯುವ ಮುಂಚೆಯೇ ಹೇಳಿ. ಕೈಯಲ್ಲಿ ಕವರ್ ಹಿಡಿಯಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಹಲ್ಲು ಕಿಸಿದು ನಗಬಾರದು, ಓಡಬಾರದು. ಏನಾದರೂ ಕಿತ್ತುಕೊಂಡರೆ ಬಿಟ್ಟುಬಿಡಿ.

ಮರದ ನೆರಳಿನಲ್ಲಿ ಕೂತಾಗ ಚಿರತೆ ಮಾತು ಬಂದೇ ಬರುತ್ತದೆ, ನಮ್ಮ ಜಿಲ್ಲೆಯಲ್ಲಿ ಬರದೆ ಇರುವುದಿಲ್ಲ. ಆಗ ಒಂದು ಗೊಂದಲ ಬಿಡಿಸಿ. ಟಿವಿ ನೋಡಿದ ಮಕ್ಕಳು "ಚಿರತೆ ಎಲ್ಲಕ್ಕಿಂತ ಫಾಸ್ಟ್ ಅಲ್ವಾ ಅಕ್ಕಾ" ಅನ್ನುತ್ತಾರೆ. ಅದು ಚೀತಾ. ಮೈ ಮೇಲೆ ಒಂಟಿ ಚುಕ್ಕೆ, ಕಣ್ಣಿನಿಂದ ಬಾಯಿವರೆಗೆ ಕಣ್ಣೀರು ಇಳಿದಂಥ ಕಪ್ಪು ಗೆರೆ. ಭಾರತದಲ್ಲಿ ಅದು ನಿರ್ನಾಮವಾಯಿತು ಅಂತ 1952ರಲ್ಲಿ ಘೋಷಿಸಿದರು, ಮತ್ತೆ 2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ತಂದರು. ನಮ್ಮ ಬೆಟ್ಟಗಳಲ್ಲಿರುವುದು ಚಿರತೆ, ಮೈ ಮೇಲೆ ಹೂವಿನಂತೆ ಗುಂಪಾದ ಚುಕ್ಕೆ, ಮರ ಹತ್ತುತ್ತದೆ. ಮೊದಲ ದಿನದ ಹೆಜ್ಜೆ ನೆನಪಿಸಿ: ಚಿರತೆಯ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ, ಚೀತಾದ ಹೆಜ್ಜೆಯಲ್ಲಿ ಮೂಡುತ್ತದೆ, ಅದು ಉಗುರನ್ನು ಪೂರ್ತಿ ಒಳಗೆ ಎಳೆದುಕೊಳ್ಳುವುದಿಲ್ಲ.

ಹಂತ 7: ಐದನೇ ದಿನ, ಝೂ

ಬನ್ನೇರುಘಟ್ಟವೇ ಸರಿ. ಮೈಸೂರು ಝೂ 1892ರದ್ದು, ನೋಡಲು ಬಹಳ ಚೆನ್ನಾಗಿದೆ, ಆದರೆ ತುಮಕೂರಿನಿಂದ ಒಂದೇ ದಿನದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಬರುವುದು ಶಿಕ್ಷೆ.

ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಹೊರಡಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸೋಣ ಅಂತ ಗಾಡಿಯಲ್ಲಿ ಒಬ್ಬರಾದರೂ ಹೇಳುತ್ತಾರೆ, ಬಹುಶಃ ಡ್ರೈವರೇ. ನಿಲ್ಲಿಸಿದರೆ ಮುಕ್ಕಾಲು ಗಂಟೆ ಹೋಯಿತು, ಮೇಲೆ ಬೆಣ್ಣೆ ಹಾಕಿದ ಎರಡು ಇಡ್ಲಿ ತಿಂದ ಮಕ್ಕಳು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಏನು ಮಾಡುತ್ತಾರೆ ಅಂತ ಹೇಳಬೇಕಾಗಿಲ್ಲ. ಬರುವಾಗ ತಿನ್ನಿಸಿ. ಹೋಗುವಾಗ ಬಾಳೆಹಣ್ಣು, ಬನ್ ಸಾಕು.

ಗೇಟು ತೆರೆಯುತ್ತಿದ್ದಂತೆ ಒಳಗಿರಿ. ಮೊದಲು ಝೂ, ಆಮೇಲೆ ಸಫಾರಿ. ಸಫಾರಿಯಲ್ಲಿ ಕೂತಿರುವುದಷ್ಟೇ ಕೆಲಸ, ಸುಸ್ತಾದ ಮಕ್ಕಳಿಗೂ ಆಗುತ್ತದೆ. ಕಾಲ ಮೇಲೆ ನಿಂತು ನೋಡುವ ಕೆಲಸ ಮೊದಲು ಮುಗಿಯಲಿ.

ಒಂದು ಗುಂಪಿಗೆ ಮೂರೇ ಪ್ರಾಣಿ. ಒಂದು ಸೊಪ್ಪು ತಿನ್ನುವುದು, ಒಂದು ಮಾಂಸ ತಿನ್ನುವುದು, ಮೂರನೆಯದು ಮಕ್ಕಳ ಇಷ್ಟ. ಪ್ರತಿಯೊಂದಕ್ಕೂ 20 ನಿಮಿಷ, ಬೋರ್ಡ್ ಓದುವುದು ಕೊನೆಯ ಎರಡು ನಿಮಿಷದಲ್ಲಿ. ಉಳಿದವನ್ನು ದಾರಿಯಲ್ಲಿ ನೋಡಿಕೊಂಡು ಹೋಗಲಿ. "ಇಷ್ಟು ದೂರ ಬಂದು ಎಲ್ಲಾ ನೋಡದೆ ಹೋಗೋದಾ" ಅನ್ನುವ ಆಸೆಯೇ ಈ ದಿನವನ್ನು ಹಾಳು ಮಾಡುವುದು.

ಆನೆ ಮುಂದೆ: ಕಿವಿ ಒಂದು ನಿಮಿಷಕ್ಕೆ ಎಷ್ಟು ಸಲ ಬೀಸುತ್ತದೆ ಎಣಿಸಿ. ಹೊರಗೆ ಹೋಗುವ ಮುಂಚೆ ಬಿಸಿಲು ಏರಿದ ಮೇಲೆ ಇನ್ನೊಮ್ಮೆ ಎಣಿಸಿ. ಕಿವಿಯ ತೆಳು ಚರ್ಮದ ಕೆಳಗೆ ರಕ್ತನಾಳಗಳು ತುಂಬಿವೆ, ಬೀಸಿದಾಗ ರಕ್ತ ತಣ್ಣಗಾಗುತ್ತದೆ. ಸೊಂಡಿಲ ತುದಿಯಲ್ಲಿ ಬೆರಳಿನಂಥದ್ದು ಎಷ್ಟಿದೆ? ನಮ್ಮ ಆನೆಗೆ ಒಂದು, ಆಫ್ರಿಕಾದ್ದಕ್ಕೆ ಎರಡು.

ಕರಡಿ ಮುಂದೆ: ನಮ್ಮ ಜಿಲ್ಲೆಯ ಕಲ್ಲುಬೆಟ್ಟಗಳಲ್ಲೂ ಇರುವ ಪ್ರಾಣಿ ಇದು ಅಂತ ಮೊದಲು ಹೇಳಿ. ಮೇಲಿನ ಮಧ್ಯದ ಎರಡು ಹಲ್ಲು ಇದಕ್ಕಿಲ್ಲ, ಆ ಸಂದಿಯಿಂದ ಗೆದ್ದಲನ್ನು ಸೊರ್ ಅಂತ ಹೀರಿಕೊಳ್ಳುತ್ತದೆ. ಹಸುವಿಗೂ ಮೇಲೆ ಮುಂದಿನ ಹಲ್ಲಿಲ್ಲ, ಕರಡಿಗೂ ಎರಡಿಲ್ಲ, ಎರಡಕ್ಕೂ ಕಾರಣ ಬೇರೆ ಬೇರೆ. ಹಿಂದೆ ಊರೂರಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ತಂದು ಸಾಕಿದ ಕೇಂದ್ರ ಬನ್ನೇರುಘಟ್ಟದಲ್ಲಿದೆ, ಅದನ್ನೂ ಹೇಳಿ.

ಜಿರಾಫೆ ಮುಂದೆ: ನಡೆಯುವಾಗ ಒಂದೇ ಬದಿಯ ಎರಡು ಕಾಲು ಹೆಚ್ಚುಕಮ್ಮಿ ಒಟ್ಟಿಗೆ ಎತ್ತುತ್ತದೆ. ಅಷ್ಟುದ್ದ ಕತ್ತಿನಲ್ಲಿ ಮೂಳೆ ಏಳೇ, ನಮ್ಮ ಕತ್ತಿನಲ್ಲೂ ಏಳೇ. ಮೆಲುಕಿನ ಉಂಡೆ ಆ ಕತ್ತಿನಲ್ಲಿ ಮೇಲೇರುವುದು ಕಣ್ಣಿಗೆ ಕಾಣುತ್ತದೆ. ಕೊಟ್ಟಿಗೆ ನೋಡದ ಮಕ್ಕಳು ಇದನ್ನು ಗಮನಿಸುವುದೇ ಇಲ್ಲ.

ನೋಡಿಕೊಳ್ಳುವ ಸಿಬ್ಬಂದಿ ಬಿಡುವಾಗಿದ್ದರೆ ಗುಂಪಿಗೊಂದು ಪ್ರಶ್ನೆ ಕೇಳಲಿ. "ಕಚ್ಚುತ್ತಾ" ಅನ್ನುವುದನ್ನು ಬಿಟ್ಟು, ಬೇಸಿಗೆಯಲ್ಲಿ ಇದರ ಊಟ ಏನು ಬದಲಾಗುತ್ತದೆ, ಹುಷಾರಿಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ.

ಯಾವುದಾದರೂ ಪ್ರಾಣಿ ಒಂದೇ ದಾರಿಯಲ್ಲಿ ಹೋಗಿ ಬಂದು ಮಾಡುತ್ತಿದ್ದರೆ, ತಲೆ ತೂಗುತ್ತಲೇ ಇದ್ದರೆ ಮಕ್ಕಳು "ಡ್ಯಾನ್ಸ್ ಮಾಡ್ತಿದೆ" ಅನ್ನುತ್ತಾರೆ. ನಗಿಸಿ ಮುಂದೆ ಹೋಗಬೇಡಿ. ಕೂಡಿಟ್ಟ ಪ್ರಾಣಿಗಳಲ್ಲಿ ಬೇಸರಕ್ಕೆ, ಒತ್ತಡಕ್ಕೆ ಹೀಗಾಗುವುದುಂಟು, ಊಟದ ಹೊತ್ತಿಗೆ ಕಾಯುವಾಗಲೂ ಮಾಡುತ್ತವೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. "ಹಾಗಾದ್ರೆ ಯಾಕೆ ಕೂಡಿಟ್ಟಿದಾರೆ" ಅಂತ ಒಂದು ಮಗು ಕೇಳಿಯೇ ಕೇಳುತ್ತದೆ. ಮೂರನೇ ಕಾಲಂನಲ್ಲಿ ಬರೆಸಿ.

ಎಚ್ಚರಿಕೆಯ ಗುರುತುಗಳು

ಬಿಸಿಲು: ಮಾತಾಡುತ್ತಿದ್ದ ಮಗು ಸುಮ್ಮನಾದರೆ, ತಲೆನೋವು ಅಂದರೆ, ವಾಕರಿಕೆ ಬಂದರೆ ಅಲ್ಲೇ ನಿಲ್ಲಿಸಿ. ನೆರಳು, ಒದ್ದೆ ಬಟ್ಟೆ, ಗುಟುಕು ಗುಟುಕಾಗಿ ಓಆರ್‌ಎಸ್. ಮೈ ಸುಡುತ್ತಿದ್ದು ಮಗು ತಡವರಿಸಿ ಮಾತಾಡಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನಾಯಿ, ಕೋತಿ ಕಚ್ಚಿದರೆ ಅಥವಾ ಪರಚಿದರೆ: ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ. ಅರಿಶಿನ, ಸುಣ್ಣ ಹಚ್ಚಬೇಡಿ. ಮಕ್ಕಳು ಬೈಯುತ್ತಾರೆ ಅಂತ ಪರಚಿದ್ದನ್ನು ಮುಚ್ಚಿಡುತ್ತಾರೆ, ಆದ್ದರಿಂದ ಹೇಳಿದರೆ ಬೈಯುವುದಿಲ್ಲ ಅಂತ ಮೊದಲ ದಿನವೇ ಮಾತು ಕೊಡಿ.

ಹಾವು: ವಿಷಲ್ ಊದಿ, ಎಲ್ಲರೂ ಹಿಂದಕ್ಕೆ. ಕೇರೆ ಹಾವೇ ಇರಬಹುದು, ಗುರುತು ಹಿಡಿಯುವ ಪಾಂಡಿತ್ಯ ಆಗ ಬೇಡ.

ಇನ್ನೊಂದು, ಯಾರೂ ಯೋಚಿಸದೇ ಇರುವಂಥದ್ದು. ನನ್ನ ಮೊದಲ ಕ್ಯಾಂಪಿನಲ್ಲಿ "ನಿಮ್ಮ ಮನೆಯ ಪ್ರಾಣಿ ತನ್ನಿ" ಅಂದಿದ್ದೆ. ಒಬ್ಬ ಹುಡುಗ ಬಕೆಟ್ಟಿನಲ್ಲಿ ನಕ್ಷತ್ರ ಆಮೆ ತಂದ, ಇನ್ನೊಬ್ಬಳು ಪಂಜರದಲ್ಲಿ ಗಿಣಿ. ಎರಡನ್ನೂ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು. ಆ ಸಂಜೆ ಎರಡು ಮನೆಗೆ ಹೋಗಿ ವಿವರಿಸಿ, ಅರಣ್ಯ ಇಲಾಖೆಗೆ ಒಪ್ಪಿಸುವವರೆಗೆ ನನಗೆ ನಿದ್ದೆ ಇರಲಿಲ್ಲ. ಏನನ್ನೂ ತರಿಸಬೇಡಿ.

ಹಂತ 8: ಆರನೇ ದಿನ

ಸರ್ಟಿಫಿಕೇಟು, ಅತಿಥಿ ಭಾಷಣ ಬೇಡ. ಪ್ರತಿ ಮಗು ನೋಟ್‌ಬುಕ್ ಮುಚ್ಚಿಟ್ಟು ಒಂದೇ ಪ್ರಾಣಿ ಬಗ್ಗೆ ಮೂರು ನಿಮಿಷ ಹೇಳಲಿ. ಅಪ್ಪ ಅಮ್ಮಂದಿರು ಹಿಂದೆ ಕೂತು ಕೇಳಲಿ, ಹೇಳಿಕೊಡಲು ಬಾಯಿ ಹಾಕಿದವರನ್ನು ಕಾಫಿ ಮಾಡಲು ಒಳಗೆ ಕಳಿಸಿ.

ಆಮೇಲೆ ಎಲ್ಲರ ಮೂರನೇ ಕಾಲಂ ಒಂದು ಚಾರ್ಟಿಗೆ ಬರೆಸಿ. ಅಲ್ಲಿರುವ ಪ್ರಶ್ನೆಗಳಿಗೆ ನೀವೇ ಉತ್ತರ ಕೊಡಲು ಹೋಗಬೇಡಿ, ಒಬ್ಬೊಬ್ಬರಿಗೆ ಒಂದು ಹಂಚಿ, ಶಾಲೆ ಲೈಬ್ರರಿಯಲ್ಲೋ ಪಶುವೈದ್ಯರ ಹತ್ತಿರವೋ ಕೇಳಿಕೊಂಡು ಬರಲಿ.

ಖರ್ಚಿನಲ್ಲಿ ದುಡ್ಡು ಉಳಿದಿದ್ದರೆ ಪ್ರಾಣಿ ದತ್ತು ಯೋಜನೆ ನೋಡಿ, ಬನ್ನೇರುಘಟ್ಟ, ಮೈಸೂರು ಎರಡೂ ಕಡೆ ಇದೆ. ಹುಲಿಯೇ ಬೇಕು ಅಂತ ಹಟ ಮಾಡುತ್ತಾರೆ, ನಮ್ಮ ದುಡ್ಡಿಗೆ ಸಣ್ಣ ಹಕ್ಕಿ ಬರುತ್ತದೆ. ಯಾವ ಹಕ್ಕಿ ಅಂತ ಮಕ್ಕಳೇ ಕೈಯೆತ್ತಿ ಆರಿಸಲಿ, ಈ ಚರ್ಚೆಗೆ ಮುಕ್ಕಾಲು ಗಂಟೆ ಬಿಟ್ಟಿಡಿ. ಹೋದ ವರ್ಷ ನಾನು ಕಾಲು ಗಂಟೆ ಇಟ್ಟಿದ್ದೆ, ಮಧ್ಯಾಹ್ನದ ಊಟ ಆರಿಹೋಯಿತು.